ಬಳ್ಳಾರಿಯ ಬೇಸಿಗೆಗೆ ಒಗ್ಗುವ ಥರ್ಮಲ್ ಪೇಸ್ಟ್ ಮತ್ತು ಪ್ಯಾಡ್: ಒಂದು ವಿಮರ್ಶೆ

ಪ್ರೊಸೆಸರ್‌ನ ಉಷ್ಣವನ್ನು ಅದರ ಮೇಲಿನ ಕೂಲರ್‌ಗೆ (ಫ್ಯಾನ್ ಮತ್ತು ಲೋಹದ ರೆಕ್ಕೆಗಳ ಜೋಡಣೆಗೆ) ದಾಟಿಸುವ ಥರ್ಮಲ್ ಪೇಸ್ಟ್ ಕುರಿತು ನಾವು ಓದುವ ಮತ್ತು ನೋಡುವ ವಿಮರ್ಶೆಗಳಲ್ಲಿ ಹೆಚ್ಚಿನವು 21ರಿಂದ 25 ಡಿಗ್ರಿ ಸೆಲ್ಸಿಯಸ್‌ನ ತಂಪು ಕೋಣೆಗಳಲ್ಲಿ ನಡೆದ ಪರೀಕ್ಷೆಗಳನ್ನು ಆಧರಿಸಿರುತ್ತವೆ. ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಗಿನ ಬಿಸಿ 40 ಡಿಗ್ರಿ ದಾಟುವುದು ಸಾಮಾನ್ಯ. ಎ.ಸಿ. ಇಲ್ಲದ, ಮೇಲೆ ತಗಡು ಹೊದಿಸಿದ ಅಂಗಡಿಯೊಳಗೆ ಮಧ್ಯಾಹ್ನದ ಹೊತ್ತು ಕಂಪ್ಯೂಟರಿನ ಫ್ಯಾನ್ ಒಳಗೆಳೆದುಕೊಳ್ಳುವ ಗಾಳಿಯೇ 38 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕೋಣೆಯ ಬಿಸಿ ಎಷ್ಟು ಡಿಗ್ರಿ ಏರುತ್ತದೆಯೋ ಪ್ರೊಸೆಸರ್‌ನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುವುದರಿಂದ, ಅಲ್ಲಿ 75 ಡಿಗ್ರಿ ತೋರಿಸಿದ ಯಂತ್ರ ಇಲ್ಲಿ ಅದೇ ಕೆಲಸಕ್ಕೆ 90ರ ಹತ್ತಿರ ಹೋಗುತ್ತದೆ. ಇಂಟೆಲ್‌ನ ಈಚಿನ ಪ್ರೊಸೆಸರ್‌ಗಳಲ್ಲಿ ಹಲವು 100 ಡಿಗ್ರಿಗೆ, ಎಎಂಡಿಯ ರೈಜನ್ 7000 ಸರಣಿಯ ಬಹುಪಾಲು ಪ್ರೊಸೆಸರ್‌ಗಳು 95 ಡಿಗ್ರಿಗೆ ತಲುಪಿದಾಗ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ತಂಪು ಊರಿನವರಿಗೆ ಇಪ್ಪತ್ತು ಡಿಗ್ರಿಯಷ್ಟು ಅವಕಾಶ ಉಳಿದಿರುವಲ್ಲಿ ನಮಗೆ ಉಳಿಯುವುದು ಐದೋ ಹತ್ತೋ ಡಿಗ್ರಿ ಮಾತ್ರ. ಆದ್ದರಿಂದ ಆ ವಿಮರ್ಶೆಗಳಲ್ಲಿ ಮೊದಲ ಸ್ಥಾನ ಪಡೆದ ಪೇಸ್ಟನ್ನೇ ಕಣ್ಣುಮುಚ್ಚಿ ತರಿಸಿಕೊಳ್ಳುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಜೀನ್ಸ್ ಹೊಲಿಗೆ ಘಟಕಗಳು, ಡಿಟಿಪಿ ಅಂಗಡಿಗಳು, ಕೆಲವು ಮನೆಗಳ ಲ್ಯಾಪ್‌ಟಾಪ್‌ಗಳು, ಹೀಗೆ ನಗರದ ಬೇರೆ ಬೇರೆ ಕಡೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿರುವುದರಿಂದ, ಮಾರುಕಟ್ಟೆಯಲ್ಲಿ ಸಿಗುವ ಪೇಸ್ಟ್ ಮತ್ತು ಪ್ಯಾಡ್‌ಗಳಲ್ಲಿ ಹಲವನ್ನು ಇಲ್ಲಿನ ಬಿಸಿಲಿನಲ್ಲೇ ಬಳಸಿ ನೋಡುವ ಅವಕಾಶ ಸಿಕ್ಕಿದೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಪೇಸ್ಟಿನ ಟ್ಯೂಬಿನ ಮೇಲೆ ಅಚ್ಚಾದ ಉಷ್ಣವಾಹಕತೆಯ ಅಂಕಿಗಿಂತ, ಆ ಪೇಸ್ಟ್ ಎಷ್ಟು ತೆಳುವಾಗಿ ಕೂರುತ್ತದೆ ಮತ್ತು ಕೂತ ಜಾಗದಲ್ಲಿ ಎಷ್ಟು ವರ್ಷ ನಿಲ್ಲುತ್ತದೆ ಎಂಬುದೇ ಮುಖ್ಯ. ಡೆಸ್ಕ್‌ಟಾಪ್‌ಗೆ ಆರ್ಕ್ಟಿಕ್ ಎಂಎಕ್ಸ್-4 ಅಥವಾ ನಾಕ್ಟುವಾ ಎನ್‌ಟಿ-ಎಚ್1 ಸಾಕು. ಲ್ಯಾಪ್‌ಟಾಪ್‌ಗೆ ಹನಿವೆಲ್ ಪಿಟಿಎಂ7950 ಹಾಳೆಯೇ ಉತ್ತಮ. ಮೆಮೊರಿಯಂಥ ಬೇರೆ ಚಿಪ್‌ಗಳ ಮೇಲಿನ ಸಂದು ತುಂಬುವ ಮೆತ್ತನೆಯ ಪ್ಯಾಡಿನ ವಿಷಯದಲ್ಲಿ ಕಂಪನಿಗಿಂತ ದಪ್ಪವನ್ನು ಸರಿಯಾಗಿ ಆರಿಸುವುದೇ ದೊಡ್ಡ ಕೆಲಸ.

ದುಡ್ಡು ಖರ್ಚು ಮಾಡುವ ಮೊದಲು ಒಮ್ಮೆ ಕೂಲರನ್ನು ನೋಡಬೇಕು. ಕೌಲ್ ಬಜಾರ್ ಕಡೆಯ ಒಂದು ಜೀನ್ಸ್ ಘಟಕದಲ್ಲಿ ಕಸೂತಿ ವಿನ್ಯಾಸಕ್ಕೆ ಬಳಸುವ ಕಂಪ್ಯೂಟರ್ ಮಧ್ಯಾಹ್ನವಾದರೆ ತಾನಾಗಿಯೇ ಆರಿಹೋಗುತ್ತಿತ್ತು. "ಅಣ್ಣಾ, ಮೊನ್ನೆ ತಾನೆ ಪೇಸ್ಟ್ ಹಾಕ್ಸೀನಿ, ಮತ್ತ ಯಾಕ ಬಂದ್ ಆಗ್ತೈತಿ?" ಎಂದು ಮಾಲೀಕರು ಕೇಳಿದರು. ಮುಚ್ಚಳ ತೆಗೆದು ಫ್ಯಾನನ್ನು ಬಿಚ್ಚಿದಾಗ ಅದರ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಡೆನಿಮ್ ಬಟ್ಟೆಯ ಎಳೆಗಳು ಒಂದರ ಮೇಲೊಂದು ಒತ್ತಿಕೊಂಡು ದಪ್ಪನೆಯ ನೀಲಿ ಕಂಬಳಿಯಂತೆ ಕೂತಿದ್ದವು. ಚಿಮಟದಿಂದ ಹಿಡಿದೆಳೆದರೆ ಒಂದೇ ತುಂಡಾಗಿ ಎದ್ದು ಬಂತು. ಅದರ ಹಿಂಬದಿಯಲ್ಲಿ ರೆಕ್ಕೆಗಳ ಗೆರೆಗಳೆಲ್ಲ ಅಚ್ಚೊತ್ತಿದ್ದವು. ಪೇಸ್ಟಿನಲ್ಲಿ ದೋಷವೇ ಇರಲಿಲ್ಲ. ಸಂಡೂರು, ತೋರಣಗಲ್ಲು ಕಡೆಯ ಕಚೇರಿಗಳಲ್ಲಾದರೆ ಈ ನೀಲಿ ಎಳೆಯ ಬದಲು ಅದಿರಿನ ಕೆಂಪು ಧೂಳು ಸಣ್ಣಗೆ ಮೆತ್ತಿಕೊಂಡಿರುತ್ತದೆ. ಗಾಳಿಯ ದಾರಿ ಮುಚ್ಚಿಹೋದ ಮೇಲೆ ಎಷ್ಟೇ ಒಳ್ಳೆಯ ಪೇಸ್ಟ್ ಹಚ್ಚಿದರೂ ಉಷ್ಣಕ್ಕೆ ಹೊರಹೋಗಲು ಜಾಗವಿರುವುದಿಲ್ಲ. ಬ್ಲೋವರ್‌ನಿಂದ ಧೂಳು ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು, ಇಲ್ಲವಾದರೆ ಅತಿವೇಗದಲ್ಲಿ ತಿರುಗಿ ಅದರ ಬೇರಿಂಗ್ ಹಾಳಾಗುವ ಸಾಧ್ಯತೆಯುಂಟು.

ಇನ್ನು ಪೇಸ್ಟಿನ ಕೆಲಸವೇನು ಎಂಬುದಕ್ಕೆ ಬರೋಣ. ಪ್ರೊಸೆಸರ್‌ನ ಮೇಲ್ಮೈ ಮತ್ತು ಕೂಲರ್‌ನ ತಳ ಕಣ್ಣಿಗೆ ಎಷ್ಟು ನುಣುಪಾಗಿ ಕಂಡರೂ ಅವುಗಳ ನಡುವೆ ಸಣ್ಣ ಸಣ್ಣ ಸಂದುಗಳಿದ್ದು ಅಲ್ಲಿ ಗಾಳಿ ತುಂಬಿರುತ್ತದೆ. ತಾಮ್ರದ ಉಷ್ಣವಾಹಕತೆ ಸುಮಾರು 400 ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್ ಆಗಿದ್ದರೆ ಗಾಳಿಯದು 0.026 ಮಾತ್ರ. ಒಳ್ಳೆಯ ಪೇಸ್ಟ್‌ಗಳದು ಕೆಲವೇ ಅಂಕಿಗಳಿಂದ ಹನ್ನೆರಡರ ಆಸುಪಾಸಿನವರೆಗೆ. ಅಂದರೆ ಪೇಸ್ಟ್ ಗಾಳಿಗಿಂತ ನೂರಾರು ಪಟ್ಟು ಮೇಲು, ಆದರೆ ಲೋಹದ ಮುಂದೆ ತೀರಾ ಕಡಿಮೆ. ಲೋಹ ಲೋಹಕ್ಕೆ ತಾಗುವ ಕಡೆ ತಾಗಬೇಕು, ತಾಗದ ಸಂದುಗಳಲ್ಲಿ ಮಾತ್ರ ಪೇಸ್ಟ್ ಇರಬೇಕು. ಹೆಚ್ಚು ಹಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪಾಗುವುದು ಇಲ್ಲಿಯೇ.

ಒಂದು ಸಣ್ಣ ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಪದರದ ದಪ್ಪವನ್ನು ಉಷ್ಣವಾಹಕತೆ ಮತ್ತು ವಿಸ್ತೀರ್ಣಗಳ ಗುಣಲಬ್ಧದಿಂದ ಭಾಗಿಸಿದರೆ ಆ ಪದರದ ಉಷ್ಣರೋಧ ಸಿಗುತ್ತದೆ. ಅದನ್ನು ವ್ಯಾಟ್‌ನಿಂದ ಗುಣಿಸಿದರೆ ಆ ಪದರದಿಂದಾಗಿ ಎಷ್ಟು ಡಿಗ್ರಿ ಬಿಸಿ ಹೆಚ್ಚುತ್ತದೆಂಬುದು ತಿಳಿಯುತ್ತದೆ. ಡೆಸ್ಕ್‌ಟಾಪ್ ಪ್ರೊಸೆಸರ್‌ನ ಮೇಲಿನ ಲೋಹದ ಮುಚ್ಚಳ ಸುಮಾರು 10 ಚದರ ಸೆಂಟಿಮೀಟರ್, ಅದರ ಮೇಲೆ 50 ಮೈಕ್ರಾನ್ (ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ) ದಪ್ಪದ ಪೇಸ್ಟ್, 65 ವ್ಯಾಟ್ ಉಷ್ಣ ಎಂದಿಟ್ಟುಕೊಳ್ಳಿ. ಪೇಸ್ಟಿನ ಉಷ್ಣವಾಹಕತೆಯ ಅಂಕಿ 5 ಆಗಿದ್ದರೆ ಹೆಚ್ಚುವುದು 0.65 ಡಿಗ್ರಿ, 10 ಆಗಿದ್ದರೆ 0.33 ಡಿಗ್ರಿ. ಉಷ್ಣವು ಮುಚ್ಚಳದ ನಡುಭಾಗದಲ್ಲೇ ಹೆಚ್ಚು ಹರಿಯುವುದರಿಂದ ನಿಜವಾದ ವ್ಯತ್ಯಾಸ ಇದಕ್ಕಿಂತ ಸ್ವಲ್ಪ ಜಾಸ್ತಿ ಇದ್ದೀತು. ಆದರೂ ಎರಡು ಪಟ್ಟು ಅಂಕಿಯ ಪೇಸ್ಟಿಗೆ ಎರಡು ಪಟ್ಟು ಬೆಲೆ ಕೊಟ್ಟು ಡೆಸ್ಕ್‌ಟಾಪ್‌ನಲ್ಲಿ ನಾವು ಗಳಿಸುವುದು ಒಂದೆರಡು ಡಿಗ್ರಿಯ ಒಳಗಿನ ಮಾತು. ಲ್ಯಾಪ್‌ಟಾಪ್‌ನ ಲೆಕ್ಕ ಬೇರೆ. ಅಲ್ಲಿ ಮುಚ್ಚಳವಿಲ್ಲದ ಬರಿಯ ಡೈ, ಅಂದರೆ ಸಿಲಿಕಾನ್ ಚಿಪ್ಪೇ, ಇರುತ್ತದೆ, ವಿಸ್ತೀರ್ಣ ಸುಮಾರು ಒಂದೂವರೆ ಚದರ ಸೆಂಟಿಮೀಟರ್ ಅಷ್ಟೇ. 45 ವ್ಯಾಟ್‌ಗೆ, 5ರ ಅಂಕಿಯ ಪೇಸ್ಟ್ 50 ಮೈಕ್ರಾನ್ ದಪ್ಪದಲ್ಲಿ 3 ಡಿಗ್ರಿ ಸೇರಿಸುತ್ತದೆ. 10ರ ಅಂಕಿಯ ದುಬಾರಿ ಪೇಸ್ಟನ್ನು ಎರಡು ಪಟ್ಟು ದಪ್ಪವಾಗಿ ಕೂರಿಸಿದರೂ ಸೇರುವುದು ಅದೇ 3 ಡಿಗ್ರಿ. ಬೆಲೆಯಿಂದ ಬಂದ ಲಾಭವೆಲ್ಲ ಒಂದು ಸಡಿಲ ಸ್ಕ್ರೂವಿನಿಂದ ಕಳೆದುಹೋಗುತ್ತದೆ.

ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುವ ಬಿಳಿಯ ಹೀಟ್‌ಸಿಂಕ್ ಪೇಸ್ಟಿನ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ನಮ್ಮೂರಿನಲ್ಲಿ ಹೆಚ್ಚು ಬಳಕೆಯಾಗುವುದು ಅದೇ. ಸಿಲಿಕೋನ್ ಎಣ್ಣೆಯಲ್ಲಿ ಸತುವಿನ ಆಕ್ಸೈಡಿನ ಪುಡಿಯನ್ನು ಕಲಸಿ ಮಾಡಿದ ಈ ಪೇಸ್ಟ್ ಆಂಪ್ಲಿಫೈಯರ್‌ನ ಟ್ರಾನ್ಸಿಸ್ಟರ್‌ಗಳಿಗೆ, ಎಲ್‌ಇಡಿ ದೀಪಗಳಿಗೆ ಯೋಗ್ಯವಾದದ್ದು, ಅಲ್ಲಿ ಅದರ ಬಗ್ಗೆ ನನ್ನ ತಕರಾರಿಲ್ಲ. ಪ್ರೊಸೆಸರ್‌ಗೆ ಹಚ್ಚಿದಾಗ ಆರಂಭದ ಕೆಲವು ವಾರ ಸರಿಯಾಗಿಯೇ ಇರುತ್ತದೆ, ಗ್ರಾಹಕರಿಗೆ ಸಮಾಧಾನವೂ ಆಗುತ್ತದೆ. ಬಿಸಿಗೆ ಎಣ್ಣೆ ಬೇರ್ಪಟ್ಟು ಅಂಚಿಗೆ ಹರಿದ ಮೇಲೆ ಉಳಿಯುವುದು ಸುಣ್ಣದ ಹುಡಿಯಂಥ ಪದರ. ನಗರದ ಒಂದು ದುರಸ್ತಿ ಅಂಗಡಿಯಿಂದ ಬಂದ ಲ್ಯಾಪ್‌ಟಾಪನ್ನು ಬಿಚ್ಚಿದಾಗ ಈ ಬಿಳಿ ಪೇಸ್ಟನ್ನು ಡೈ ಮೇಲೆ ಮಾತ್ರವಲ್ಲದೆ ಸುತ್ತಲಿನ ಹಸಿರು ಬೋರ್ಡಿನ ಮೇಲೂ ಗೋಡೆಗೆ ಗಿಲಾವು ಮಾಡಿದಷ್ಟು ದಪ್ಪಗೆ ಬಳಿದಿದ್ದರು. ಗ್ರಾಹಕರು ಅದಕ್ಕೆ ಕೊಟ್ಟ ಕೂಲಿಯಲ್ಲಿ ಒಳ್ಳೆಯ ಪೇಸ್ಟಿನ ಪೂರ್ತಿ ಟ್ಯೂಬೇ ಬರುತ್ತಿತ್ತು. ಯಾವ ಪೇಸ್ಟ್ ಹಾಕುತ್ತೀರಿ ಎಂದು ಕೇಳುವುದು, ಟ್ಯೂಬನ್ನು ತೋರಿಸಿ ಎನ್ನುವುದು ಗ್ರಾಹಕರ ಹಕ್ಕು. ಒಳ್ಳೆಯ ದುರಸ್ತಿಗಾರರು ಇದಕ್ಕೆ ಬೇಸರಪಡುವುದಿಲ್ಲ.

ಆರ್ಕ್ಟಿಕ್ ಎಂಎಕ್ಸ್-4 ನಾನು ಡೆಸ್ಕ್‌ಟಾಪ್‌ಗಳಿಗೆ ಅತಿ ಹೆಚ್ಚು ಬಳಸುವ ಪೇಸ್ಟ್. 2010ರ ಸುಮಾರಿಗೆ ಬಂದ ಇದು ಇಂದಿಗೂ ಬೆಲೆಗೆ ತಕ್ಕ ಸರಕು. ಇದರಲ್ಲಿ ಲೋಹದ ಪುಡಿಯಿಲ್ಲ, ಇಂಗಾಲದ ಸೂಕ್ಷ್ಮ ಕಣಗಳಿವೆ. ವಿದ್ಯುತ್ತನ್ನು ಹರಿಸದೆ ಇರುವುದರಿಂದ ಸ್ವಲ್ಪ ಅಂಚಿಗೆ ಜಾರಿದರೂ ಶಾರ್ಟ್ ಆಗುವ ಭಯವಿಲ್ಲ. ಮೊದಲ ಸಲ ತಾವೇ ಹಚ್ಚಲು ಹೊರಟವರಿಗೆ ಈ ಒಂದು ಗುಣವೇ ಸಾಕು. ಎಂಟು ವರ್ಷ ಬಾಳಿಕೆಯೆಂದು ಕಂಪನಿ ಹೇಳುತ್ತದೆ. ನಮ್ಮ ಬಿಸಿಲಿಗೆ ಮತ್ತು ದಿನವಿಡೀ ಓಡುವ ಯಂತ್ರಗಳಿಗೆ ನಾನು ಅಷ್ಟನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮೂರು ವರ್ಷಕ್ಕೊಮ್ಮೆ ಬದಲಿಸುವುದು ಸೂಕ್ತವೆಂದು ಹೇಳುತ್ತೇನೆ. 2022ರಲ್ಲಿ ಬಂದ ಎಂಎಕ್ಸ್-6 ಇದಕ್ಕಿಂತ ಗಟ್ಟಿ. ಟ್ಯೂಬನ್ನು ಒತ್ತುವಾಗಲೇ ಆ ಬಿಗಿ ಕೈಗೆ ತಿಳಿಯುತ್ತದೆ. ಬೇಸಿಗೆಯಲ್ಲಿ ಎಂಎಕ್ಸ್-4 ಸ್ವಲ್ಪ ನೀರಾಗಿ ಸುಲಭವಾಗಿ ಹರಡಿಕೊಳ್ಳುವುದರಿಂದ ಹೊಸಬರಿಗೆ ಅದೇ ಅನುಕೂಲ. ಗ್ರಾಫಿಕ್ಸ್ ಕಾರ್ಡಿನ ಬರಿಯ ಡೈಗೆ ಪೇಸ್ಟನ್ನೇ ಹಚ್ಚಬೇಕಾದ ಸಂದರ್ಭ ಬಂದರೆ ನಾನು ಗಟ್ಟಿಯಾದ ಎಂಎಕ್ಸ್-6 ಕಡೆಗೆ ವಾಲುತ್ತೇನೆ.

ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಟಿ-ಎಚ್1 ಎಂಎಕ್ಸ್-4ಕ್ಕೆ ಸರಿಸಮನಾದ ಪೇಸ್ಟ್. ಇದರ ಮೇಲೆ ನನಗೆ ಗೌರವ ಹೆಚ್ಚಲು ಒಂದು ಕಾರಣವೆಂದರೆ, ಬೇರೆ ಬೇರೆ ವಿಧಾನಗಳಲ್ಲಿ ಅಳೆದ ಉಷ್ಣವಾಹಕತೆಯ ಅಂಕಿಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲವೆಂದು ಆ ಕಂಪನಿ ಅಂಥ ಅಂಕಿಯನ್ನೇ ಮುಂದಿಟ್ಟು ಮಾರುವುದಿಲ್ಲ. ಪ್ರೊಸೆಸರ್ ಮೇಲೆ ಐದು ವರ್ಷದವರೆಗೆ ಬಳಸಬಹುದೆಂದು ಅದು ಸೂಚಿಸುತ್ತದೆ. 2019ರಲ್ಲಿ ಬಂದ ಎನ್‌ಟಿ-ಎಚ್2 ಜೊತೆಗೆ ಒರೆಸುವ ಒದ್ದೆ ಹಾಳೆಗಳೂ ಬರುತ್ತವೆ, ಬೆಲೆಯೂ ಹೆಚ್ಚು. ಡೆಸ್ಕ್‌ಟಾಪ್‌ಗೆ ಎಚ್1 ಸಾಕಾಗುತ್ತದೆ. ಹಳೆಯ ಹೆಸರಾದ ಆರ್ಕ್ಟಿಕ್ ಸಿಲ್ವರ್ 5 ಈಗಲೂ ಕೆಲವರ ಬಾಯಲ್ಲಿದೆ. ಅದು ಆರ್ಕ್ಟಿಕ್ ಕಂಪನಿಯದಲ್ಲ, ಬೇರೆಯೇ ತಯಾರಕರದು. ಬೆಳ್ಳಿಯ ಕಣಗಳಿರುವ ಆ ಪೇಸ್ಟ್ ಪೂರ್ತಿ ಹದಕ್ಕೆ ಬರಲು 200 ಗಂಟೆಗಳವರೆಗೆ ಬೇಕೆಂದು ತಯಾರಕರೇ ಹೇಳುತ್ತಾರೆ. ಈಗ ಅದನ್ನು ಹುಡುಕಿಕೊಂಡು ಹೋಗುವ ಅಗತ್ಯ ಕಾಣುವುದಿಲ್ಲ.

ಹೆಸರುವಾಸಿಯಾದ ಪೇಸ್ಟ್‌ಗಳ ನಕಲಿಯೂ ಉಂಟು. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರರಿಂದ ಬಂದ ಟ್ಯೂಬಿನಲ್ಲಿ ಪೇಸ್ಟಿಗಿಂತ ಮೊದಲು ತಿಳಿಯಾದ ಎಣ್ಣೆ ಹೊರಬಂತು, ಲೇಬಲ್ಲಿನ ಅಚ್ಚು ಬೆರಳಿನಿಂದ ಉಜ್ಜಿದರೆ ಮಸುಕಾಗುತ್ತಿತ್ತು. ಆರ್ಕ್ಟಿಕ್ ಕಂಪನಿಯು ತನ್ನ ಪೇಸ್ಟಿನ ಅಸಲಿತನವನ್ನು ಪರೀಕ್ಷಿಸಿಕೊಳ್ಳುವ ವ್ಯವಸ್ಥೆಯನ್ನು ತನ್ನ ಜಾಲತಾಣದಲ್ಲಿ ಒದಗಿಸಿದೆ. ಹಚ್ಚುವ ಮೊದಲೇ ಅದನ್ನು ನೋಡಿಕೊಳ್ಳುವುದು ಒಳಿತು. ಮಾರುಕಟ್ಟೆಯ ಸಾಮಾನ್ಯ ಬೆಲೆಯ ಕಾಲು ಭಾಗಕ್ಕೆ ಸಿಗುವ ಟ್ಯೂಬನ್ನು ಮುಟ್ಟದಿರುವುದೇ ಕ್ಷೇಮ.

ಥರ್ಮಲ್ ಗ್ರಿಜ್ಲಿ ಕಂಪನಿಯ ಕ್ರಯೋನಾಟ್ 12.5ರ ಅಂಕಿ ಹೊತ್ತು ಬರುತ್ತದೆ. ಪ್ರೊಸೆಸರನ್ನು ಮಿತಿಮೀರಿದ ವೇಗದಲ್ಲಿ ಓಡಿಸುವವರನ್ನು, ಅತಿಶೀತದ ವಿಧಾನಗಳಲ್ಲಿ ತಂಪು ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸರಕು ಅದು. ಲೆಕ್ಕಪತ್ರದ ಕಂಪ್ಯೂಟರಿಗೆ ಅದು ಬೇಕಿಲ್ಲ. ಪೇಸ್ಟಿನ ಬದಲು ಹಚ್ಚುವ ದ್ರವ ಲೋಹದ ವಿಷಯದಲ್ಲಿ ನನ್ನ ಮಾತು ಇನ್ನೂ ಖಚಿತ: ಬೇಡ. ಸೋನಿಯ ಪ್ಲೇಸ್ಟೇಷನ್ 5ರಲ್ಲಿ ಕಾರ್ಖಾನೆಯಲ್ಲೇ ಅದನ್ನು ಬಳಸಿದ್ದಾರೆ ಎಂಬುದು ನಿಜ, ಆದರೆ ಅಲ್ಲಿ ಅದು ಹರಿದುಹೋಗದಂತೆ ಸುತ್ತಲೂ ತಡೆ ಕಟ್ಟಿದ್ದಾರೆ. ಗ್ಯಾಲಿಯಂ ಆಧಾರಿತವಾದ ಇದು ವಿದ್ಯುತ್ತನ್ನು ಹರಿಸುತ್ತದೆ, ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಅಲ್ಯೂಮಿನಿಯಂ ತಳದ ಕೂಲರ್‌ಗಳೇ ಹೆಚ್ಚಿರುವ ನಮ್ಮ ಕಂಪ್ಯೂಟರ್‌ಗಳಲ್ಲಿ ಒಂದು ಹನಿ ತಪ್ಪಿದರೂ ಬೋರ್ಡೇ ಹೋಗಬಹುದು.

ಈಗ ಲ್ಯಾಪ್‌ಟಾಪ್‌ಗೆ ಬರುತ್ತೇನೆ. ಇಲ್ಲಿ ಸಾಮಾನ್ಯ ಪೇಸ್ಟ್ ಸೋಲುವುದಕ್ಕೆ ಒಣಗುವುದೊಂದೇ ಕಾರಣವಲ್ಲ. ಯಂತ್ರ ಬಿಸಿಯಾದಾಗ ಸಿಲಿಕಾನ್ ಡೈ ಮತ್ತು ತಾಮ್ರದ ತಟ್ಟೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಆರಿದಾಗ ಕುಗ್ಗುತ್ತವೆ. ದಿನದಲ್ಲಿ ಹಲವು ಬಾರಿ ನಡೆಯುವ ಈ ಚಲನೆ ತೆಳುವಾದ ಪೇಸ್ಟನ್ನು ಸ್ವಲ್ಪಸ್ವಲ್ಪವಾಗಿ ಡೈನ ನಡುವಿನಿಂದ ಅಂಚಿಗೆ ತಳ್ಳುತ್ತದೆ. ಕೆಲವು ತಿಂಗಳ ನಂತರ ಬಿಚ್ಚಿ ನೋಡಿದರೆ ಅಂಚಿನ ಸುತ್ತ ಪೇಸ್ಟಿನ ಏರಿ ಕಟ್ಟಿಕೊಂಡಿರುತ್ತದೆ, ಉಷ್ಣ ಹೆಚ್ಚಾಗಿರುವ ನಡುಭಾಗದಲ್ಲಿ ಡೈನ ಹೊಳಪು ಕಾಣಿಸುತ್ತದೆ. ಪೇಸ್ಟ್ ಇನ್ನೂ ಹಸಿಯಾಗಿಯೇ ಇರುತ್ತದೆ, ಇರಬೇಕಾದ ಜಾಗದಲ್ಲಿ ಮಾತ್ರ ಇರುವುದಿಲ್ಲ. ಪೇಸ್ಟ್ ಹಾಕಿಸಿ ಆರು ತಿಂಗಳೂ ಆಗಿಲ್ಲ ಎಂದು ಬೇಸರಪಡುವವರ ಲ್ಯಾಪ್‌ಟಾಪ್‌ಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಇದನ್ನೇ.

ಹನಿವೆಲ್ ಪಿಟಿಎಂ7950 ಈ ತೊಂದರೆಗೆ ಸಿಕ್ಕ ಉತ್ತಮ ಪರಿಹಾರ. ಇದು ಪೇಸ್ಟಲ್ಲ, ಕಾಲು ಮಿಲಿಮೀಟರ್‌ನಷ್ಟು ದಪ್ಪದ ಬೂದುಬಣ್ಣದ ಹಾಳೆ. ಸುಮಾರು 45 ಡಿಗ್ರಿ ಬಿಸಿಗೆ ಮೆತ್ತಗಾಗಿ, ಕೂಲರ್‌ನ ಒತ್ತಡಕ್ಕೆ ತೀರಾ ತೆಳುವಾಗಿ ಹರಡಿ ಸಂದುಗಳನ್ನು ತುಂಬಿಕೊಳ್ಳುತ್ತದೆ, ಆರಿದಾಗ ಮತ್ತೆ ಗಟ್ಟಿಯಾಗುತ್ತದೆ. ಕರಗಿದಾಗಲೂ ನೀರಿನಂತೆ ಹರಿಯದೆ ಜಿಗುಟಾಗಿ ನಿಲ್ಲುವುದರಿಂದ ಅಂಚಿಗೆ ತಳ್ಳಲ್ಪಡುವ ತೊಂದರೆ ಬಹಳ ಕಡಿಮೆ. ಇದರ ಅಂಕಿ 8.5 ಮಾತ್ರ. ಅಂಕಿಯನ್ನಷ್ಟೇ ನೋಡಿ ಕೊಳ್ಳುವವರು ಇದನ್ನು ಬದಿಗಿಟ್ಟು 12ರ, 14ರ ಪೇಸ್ಟನ್ನು ಆರಿಸಿಕೊಂಡುಬಿಡುತ್ತಾರೆ. ಮೊದಲ ವಾರದಲ್ಲಿ ಆ ಪೇಸ್ಟ್ ಒಂದೆರಡು ಡಿಗ್ರಿ ಮುಂದಿರಲೂಬಹುದು. ಒಂದು ಬೇಸಿಗೆ ಕಳೆದ ಮೇಲೆ ಹೋಲಿಸಿದರೆ ಹಾಳೆ ಹಾಕಿದ ಲ್ಯಾಪ್‌ಟಾಪ್ ಹಾಕಿದ ದಿನದಷ್ಟೇ ತಂಪಾಗಿರುತ್ತದೆ, ಪೇಸ್ಟ್ ಹಚ್ಚಿದ್ದು ಹಿಂದೆ ಬಿದ್ದಿರುತ್ತದೆ. ಕೆಲವು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಕಾರ್ಖಾನೆಯಿಂದಲೇ ಇಂಥ ಹಾಳೆ ಬರುತ್ತದೆ. ಒಳಗೆ ಏನಿದೆಯೆಂದು ತಿಳಿಯದೆ ಅದನ್ನು ಕೆರೆದು ಸಾದಾ ಪೇಸ್ಟ್ ಹಚ್ಚುವುದೆಂದರೆ ಒಳ್ಳೆಯದನ್ನು ತೆಗೆದು ಕಡಿಮೆಯದನ್ನು ಹಾಕಿದಂತೆ.

ಈ ಹಾಳೆಯನ್ನು ಹಾಕುವ ಕೆಲಸದಲ್ಲಿ ನಮ್ಮೂರಿನ ಬಿಸಿಲು ನೇರವಾಗಿ ಅಡ್ಡಬರುತ್ತದೆ. ಮೇ ತಿಂಗಳ ಮಧ್ಯಾಹ್ನ ಕೋಣೆಯ ಬಿಸಿಯೇ ಇದು ಮೆತ್ತಗಾಗುವ ಮಟ್ಟದ ಹತ್ತಿರವಿರುವುದರಿಂದ ಹಾಳೆ ಹಸಿ ಹಿಟ್ಟಿನ ಹದಕ್ಕೆ ಬಂದು ಪ್ಲಾಸ್ಟಿಕ್ ಪದರಕ್ಕೂ ಬೆರಳಿಗೂ ಅಂಟಿಕೊಂಡು ಹರಿದುಹೋಗುತ್ತದೆ. ಹಾಳೆಯನ್ನು ಫ್ರಿಜ್‌ನಲ್ಲಿ ಇಟ್ಟಿದ್ದು, ಬೆಳಗಿನ ಹೊತ್ತು ಹೊರತೆಗೆದು, ಡೈಗಿಂತ ಕೂದಲೆಳೆಯಷ್ಟು ದೊಡ್ಡದಾಗಿ ಹೊಸ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕತ್ತರಿಸಬೇಕು. ಒಂದು ಬದಿಯ ಪದರ ಸುಲಿದು ಡೈ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ಒತ್ತಿದ ಮೇಲೆ, ಇನ್ನೊಂದು ಬದಿಯ ಪದರ ಸುಲಿಯುವಾಗ ಹಾಳೆಯೂ ಎದ್ದು ಬರತೊಡಗಿದರೆ ಎಳೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಐಸ್ ತುಂಡನ್ನು ನೀರು ಜಿನುಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅದರ ಹೊರಗನ್ನು ಚೆನ್ನಾಗಿ ಒರೆಸಿ, ಪದರದ ಮೇಲೆ ಕೆಲವು ಕ್ಷಣ ಒತ್ತಿ ಹಿಡಿದರೆ ಹಾಳೆ ಬಿಗಿಯಾಗಿ ಪದರ ಸಲೀಸಾಗಿ ಬಿಡುತ್ತದೆ. ಫ್ರಿಜ್‌ನಿಂದ ತೆಗೆದ ಹಾಳೆಯ ಮೇಲೆ ತೇವ ಕಂಡರೆ ಅದು ಆರುವವರೆಗೆ ಕಾಯಬೇಕು. ಹಾಕಿದ ಕೂಡಲೇ ಪೂರ್ತಿ ಫಲ ಕಾಣುವುದಿಲ್ಲ. ಯಂತ್ರ ಕೆಲವು ಬಾರಿ ಚೆನ್ನಾಗಿ ಬಿಸಿಯಾಗಿ ಆರಿದ ಮೇಲೆಯೇ ಪದರ ತೆಳುವಾಗಿ ಕೂತು ಬಿಸಿ ಇಳಿಯತೊಡಗುತ್ತದೆ. ಮೊದಲ ದಿನದ ಅಂಕಿ ನೋಡಿ ಬಿಚ್ಚಬಾರದು.

ಪ್ಯಾಡಿನ ಕತೆಯೇ ಬೇರೆ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಚಿಪ್, ವಿದ್ಯುತ್ ಪೂರೈಸುವ ಭಾಗಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ, ಆದ್ದರಿಂದ ಸಂದು ತುಂಬಲು ಅಲ್ಲಿ ಅರ್ಧದಿಂದ ಮೂರು ಮಿಲಿಮೀಟರ್ ದಪ್ಪದ ಮೆತ್ತನೆಯ ಪ್ಯಾಡ್ ಬೇಕು. 12 ಮಿ.ಮೀ. ಅಗಲ, 14 ಮಿ.ಮೀ. ಉದ್ದದ ಮೆಮೊರಿ ಚಿಪ್‌ಗೆ 6ರ ಅಂಕಿಯ ಒಂದು ಮಿಲಿಮೀಟರ್ ಪ್ಯಾಡ್ ಹಾಕಿದರೆ ಪ್ರತಿ ವ್ಯಾಟ್‌ಗೆ ಸುಮಾರು ಒಂದು ಡಿಗ್ರಿ ಹೆಚ್ಚುತ್ತದೆ. ಚಿಪ್ಪಿನದು ಎರಡು ಮೂರು ವ್ಯಾಟ್ ಆದ್ದರಿಂದ ತೊಂದರೆಯಿಲ್ಲ. ಅದೇ ಪ್ಯಾಡನ್ನು ಲ್ಯಾಪ್‌ಟಾಪ್ ಪ್ರೊಸೆಸರ್‌ನ ಡೈ ಮೇಲಿಟ್ಟರೆ 45 ವ್ಯಾಟ್‌ಗೆ ಸುಮಾರು 50 ಡಿಗ್ರಿ ಸೇರಿಕೊಳ್ಳುತ್ತದೆ, ಯಂತ್ರ ಕೆಲಸಕ್ಕೇ ಬಾರದು. ಪೇಸ್ಟ್ ಹಚ್ಚುವ ಗೊಡವೆ ಬೇಡವೆಂದು ಪ್ರೊಸೆಸರ್ ಮೇಲೆ ಪ್ಯಾಡ್ ಕತ್ತರಿಸಿ ಇಡುವವರು ಈ ಲೆಕ್ಕವನ್ನು ಒಮ್ಮೆ ಗಮನಿಸಬೇಕು.

ದಪ್ಪ ತಪ್ಪಿದರೆ ಎರಡೂ ಕಡೆ ನಷ್ಟ. ತೆಳುವಾದರೆ ಚಿಪ್ಪಿಗೂ ಕೂಲರ್‌ಗೂ ನಡುವೆ ಗಾಳಿ ಉಳಿಯುತ್ತದೆ. ದಪ್ಪವಾದರೆ ಪ್ಯಾಡ್ ಕೂಲರನ್ನು ಮೇಲಕ್ಕೆತ್ತಿ ಹಿಡಿದು ಮುಖ್ಯ ಚಿಪ್‌ನ ಮೇಲಿನ ಒತ್ತಡವೇ ತಪ್ಪುತ್ತದೆ. ಪ್ಯಾಡ್ ಬದಲಿಸಿದ ಮೇಲೆ ಮೆಮೊರಿ ತಂಪಾಗಿ ಮುಖ್ಯ ಚಿಪ್ ಮೊದಲಿಗಿಂತ ಬಿಸಿಯಾದರೆ ಕಾರಣ ಬಹುತೇಕ ಇದೇ. ಹಳೆಯ ಪ್ಯಾಡನ್ನು ಅಳೆದು ಅಷ್ಟೇ ದಪ್ಪದ್ದನ್ನು ತರಿಸುವುದೂ ಸರಿಯಲ್ಲ, ಏಕೆಂದರೆ ಅದು ಒತ್ತಡಕ್ಕೆ ಸಿಕ್ಕಿ ಮೊದಲೇ ಕುಗ್ಗಿರುತ್ತದೆ. ಕೂಲರ್ ತಾಗದೆ ಉಳಿದ ಅಂಚಿನ ಭಾಗವನ್ನು ಅಳೆದರೆ ಮೂಲ ದಪ್ಪದ ಅಂದಾಜು ಸಿಗುತ್ತದೆ. ಮೆತ್ತಗಿರುವ ಪ್ಯಾಡ್ ಈ ತಪ್ಪನ್ನು ಸ್ವಲ್ಪಮಟ್ಟಿಗೆ ನುಂಗಿಕೊಳ್ಳುತ್ತದೆ. ಥರ್ಮಲ್‌ರೈಟ್ ಒಡಿಸ್ಸಿಗೆ 12.8, ಜೆಲಿಡ್ ಜಿಪಿ-ಎಕ್ಸ್‌ಟ್ರೀಮ್‌ಗೆ 12 ಎಂಬ ಅಂಕಿಗಳಿವೆ. ಹೆಚ್ಚು ಅಂಕಿಯ ಪ್ಯಾಡ್‌ಗಳು ಗಟ್ಟಿಯಾಗಿರುವುದೇ ಹೆಚ್ಚಾದ್ದರಿಂದ, ಕೊಳ್ಳುವಾಗ ಅಂಕಿಗಿಂತ ಅವುಗಳ ಮೆತುತನವನ್ನು ನೋಡಿರೆಂದು ನನ್ನ ಸಲಹೆ. ದಪ್ಪವೇ ಗೊತ್ತಾಗದ ಕಾರ್ಡುಗಳಿಗೆ ಥರ್ಮಲ್ ಪುಟ್ಟಿ ಒಳ್ಳೆಯ ದಾರಿ. ಒತ್ತಿದಷ್ಟು ತೆಳುವಾಗುವ ಅದು ಕೂಲರನ್ನು ಎತ್ತಿ ಹಿಡಿಯುವುದಿಲ್ಲ.

ಎಥೀರಿಯಂ ಎಂಬ ಕ್ರಿಪ್ಟೋ ಹಣದ ವ್ಯವಸ್ಥೆ ಸೆಪ್ಟೆಂಬರ್ 2022ರಲ್ಲಿ ಬದಲಾಗಿ ಗ್ರಾಫಿಕ್ಸ್ ಕಾರ್ಡಿನಿಂದ ಅದರ ಗಣಿಗಾರಿಕೆ (ಲೆಕ್ಕ ಬಿಡಿಸಿ ಆ ಹಣ ಗಳಿಸುವ ಕೆಲಸ) ನಿಂತ ಮೇಲೆ ಹಗಲೂ ರಾತ್ರಿ ಓಡಿದ ಕಾರ್ಡುಗಳು ಹಳೇ ಸಾಮಾನಿನ ಮಾರುಕಟ್ಟೆಗೆ ಬಂದವು. ವಿದ್ಯಾರ್ಥಿಗಳು ಅವನ್ನು ಈಗಲೂ ಕೊಳ್ಳುತ್ತಾರೆ. ಅಂಥ ಕಾರ್ಡು ಕೊಂಡವರು ಮೊದಲು ಮೆಮೊರಿಯ ಬಿಸಿಯನ್ನು ನೋಡಬೇಕು. ಆರ್‌ಟಿಎಕ್ಸ್ 3080, 3090 ಎಂಬ ಎನ್‌ವಿಡಿಯಾ ಮಾದರಿಗಳಲ್ಲಿ ಅದು 110 ಡಿಗ್ರಿ ಮುಟ್ಟಿದರೆ ಕಾರ್ಡು ತನ್ನ ವೇಗವನ್ನು ಇಳಿಸುತ್ತದೆ. ಎಣ್ಣೆ ಬಿಟ್ಟು ಬಿರುಸಾದ ಪ್ಯಾಡನ್ನು ಬದಲಿಸಿದರೆ ಅಂಥ ಕಾರ್ಡಿಗೆ ಮರುಜೀವ ಬರುತ್ತದೆ. ಪ್ಯಾಡಿನ ಎರಡೂ ಬದಿಯ ರಕ್ಷಣಾ ಪದರ ಸುಲಿದಿದ್ದೇವೆಯೇ ಎಂದು ಬೆಳಕಿಗೆ ಹಿಡಿದು ನೋಡುವುದನ್ನು ಮಾತ್ರ ಮರೆಯಬಾರದು.

ಹಚ್ಚುವ ವಿಧಾನದಲ್ಲಿ ಹೆಚ್ಚು ಗೊಂದಲ ಬೇಕಿಲ್ಲ, ಆದರೆ ಬಿಚ್ಚುವಾಗ ಎಚ್ಚರ ಬೇಕು. ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿ ಕೂರುವ ಪ್ರೊಸೆಸರ್‌ಗಳಲ್ಲಿ ಪಿನ್ನುಗಳು ಪ್ರೊಸೆಸರ್‌ನಲ್ಲೇ ಇರುತ್ತವೆ. ಪೇಸ್ಟ್ ಗಟ್ಟಿಯಾಗಿದ್ದಾಗ ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತುಕೊಂಡು ಬಂದು ಪಿನ್ನು ಬಾಗುತ್ತದೆ. ಮೊದಲು ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟನ್ನು ಬಿಸಿ ಮಾಡಿ, ವಿದ್ಯುತ್ ಸಂಪರ್ಕ ತೆಗೆದು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಸಡಿಲಿಸಿಕೊಂಡು ಎತ್ತಬೇಕು. ಎಎಂ5 ಮತ್ತು ಇಂಟೆಲ್ ಸಾಕೆಟ್ಟುಗಳಲ್ಲಿ ಈ ಅಪಾಯವಿಲ್ಲ. ಹಳೆಯ ಪೇಸ್ಟನ್ನು ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ಮೊಬೈಲ್ ರಿಪೇರಿಯವರು ಅದನ್ನು ಐಪಿಎ ಎನ್ನುತ್ತಾರೆ, ಅವರ ಸಾಮಾನು ಸಿಗುವ ಅಂಗಡಿಯಲ್ಲೇ ಬಾಟಲಿ ದೊರೆಯುತ್ತದೆ. ಸ್ಯಾನಿಟೈಸರ್ ಬಳಸುವುದು ಬೇಡ, ಅದರಲ್ಲಿನ ಗ್ಲಿಸರಿನ್ ಮೇಲ್ಮೈಯಲ್ಲಿ ಜಿಡ್ಡಾಗಿ ಉಳಿಯುತ್ತದೆ. ಎಳೆ ಬಿಡದ ಬಟ್ಟೆಯಿಂದ ಒರೆಸಬೇಕೆಂಬುದು ಜೀನ್ಸ್ ಘಟಕಗಳಲ್ಲಿ ಕೂತು ಕೆಲಸ ಮಾಡುವಾಗ ಇನ್ನೂ ಮುಖ್ಯ, ಏಕೆಂದರೆ ನಡುವೆ ಸಿಕ್ಕ ಒಂದು ನೂಲೆಳೆಯೂ ಪೇಸ್ಟಿನ ಪದರಕ್ಕಿಂತ ದಪ್ಪವಿರುತ್ತದೆ.

ಡೆಸ್ಕ್‌ಟಾಪ್‌ಗೆ ನಡುವೆ ಜೋಳದ ಕಾಳಿನ ಗಾತ್ರದ ಒಂದು ಹನಿ ಸಾಕು. 2021ರಿಂದ ಬಂದ ಇಂಟೆಲ್ ಎಲ್‌ಜಿಎ1700 ಸಾಕೆಟ್ಟಿನಂಥವುಗಳಲ್ಲಿ ಕೂರುವ ಉದ್ದನೆಯ ಪ್ರೊಸೆಸರ್‌ಗಳಿಗೆ ನಾಲ್ಕು ಮೂಲೆಗೂ ಒಂದೊಂದು ಸಣ್ಣ ಚುಕ್ಕೆ ಸೇರಿಸಬೇಕು. ಲ್ಯಾಪ್‌ಟಾಪ್‌ನ ಬರಿಯ ಡೈಗೆ ಪೇಸ್ಟ್ ಹಚ್ಚುವುದಾದರೆ ಮಾತ್ರ ಪ್ಲಾಸ್ಟಿಕ್ ಪಟ್ಟಿಯಿಂದ ಮೂಲೆ ಬಿಡದೆ ಪೂರ್ತಿ ಸವರಬೇಕು, ಏಕೆಂದರೆ ಅಲ್ಲಿ ಬರಿದಾಗಿ ಉಳಿದ ಮೂಲೆಯ ಉಷ್ಣವನ್ನು ಹರಡಲು ಮೇಲೆ ಮುಚ್ಚಳವಿಲ್ಲ. ಕೂಲರನ್ನು ಇಡುವಾಗ ಒಮ್ಮೆಗೇ ನೇರವಾಗಿ ಇಳಿಸಬೇಕು, ಇಟ್ಟ ಮೇಲೆ ಎತ್ತಿ ನೋಡಿದರೆ ಗಾಳಿ ಸೇರುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ, ಪ್ರತಿಯೊಂದನ್ನೂ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಹೋಗಬೇಕು. ಲ್ಯಾಪ್‌ಟಾಪ್‌ನ ಹೀಟ್‌ಸಿಂಕ್ ಮೇಲೆ ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂದು ಕೊರೆದಿರುವುದು ಈ ಕ್ರಮಕ್ಕಾಗಿಯೇ. ಒಂದು ಮೂಲೆಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಪೇಸ್ಟ್ ಒಂದೇ ಬದಿಗೆ ಸರಿಯುತ್ತದೆ, ಬರಿಯ ಡೈ ಆದರೆ ಅದರ ಅಂಚು ಮುರಿಯಲೂಬಹುದು.

ಉಳಿದ ಪೇಸ್ಟನ್ನು ಇಡುವ ಜಾಗಕ್ಕೂ ಇಲ್ಲಿ ಗಮನ ಕೊಡಬೇಕಾಗುತ್ತದೆ. ಎನ್‌ಟಿ-ಎಚ್1 ಅನ್ನು ಬಳಸುವ ಮೊದಲು ಮೂರು ವರ್ಷದವರೆಗೆ ಇಡಬಹುದೆಂದು ನಾಕ್ಟುವಾ ಹೇಳುವುದು ಸಾಮಾನ್ಯ ಕೋಣೆಯ ಬಿಸಿಯಲ್ಲಿ. ಬೈಕಿನ ಡಿಕ್ಕಿಯಲ್ಲೋ ತಗಡಿನ ಮಾಡಿನ ಕೆಳಗಿನ ಕಪಾಟಿನಲ್ಲೋ ಬೇಸಿಗೆ ಕಳೆದ ಟ್ಯೂಬಿಗೆ ಆ ಮಾತು ಅನ್ವಯಿಸದು. ಮುಚ್ಚಳ ಬಿಗಿದು ಮನೆಯ ತಂಪಾದ ಮೂಲೆಯಲ್ಲಿ ಇಡಬೇಕು. ಆದ್ದರಿಂದಲೇ ಒಂದು ಕಂಪ್ಯೂಟರ್ ಇರುವ ಮನೆಗೆ ದೊಡ್ಡ ಟ್ಯೂಬು ಬೇಡ, ಎರಡು ಗ್ರಾಂ ಅಥವಾ ನಾಲ್ಕು ಗ್ರಾಂನದು ಸಾಕು. ಹಳೆಯ ಟ್ಯೂಬನ್ನು ಮತ್ತೆ ಬಳಸುವಾಗ ಮೊದಲ ಹನಿಯನ್ನು ಕಾಗದದ ಮೇಲೆ ಹಾಕಿ ನೋಡಬೇಕು. ಒಂದೇ ಹದವಾಗಿ, ಒಂದೇ ಬಣ್ಣದಲ್ಲಿ ಬಂದರೆ ಹಚ್ಚಬಹುದು. ಎಣ್ಣೆ ಬೇರೆ ಪುಡಿ ಬೇರೆಯಾಗಿ ಬಂದರೆ, ಟ್ಯೂಬು ಅರ್ಧ ತುಂಬಿದ್ದರೂ ಎಸೆದು ಹೊಸದನ್ನು ತರಬೇಕು.